ಲಗ್ನಪತ್ರಿಕೆಗೆ ನಿಮ್ಮ ಮೆಸೇಜು ಓದುವ ಅನುಮತಿ ಏಕೆ ಬೇಕು?

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಹರಾಜಾದ ಮೇಲೆ ಹಣ ಈಗ ರೈತರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಹಗಲಿರುಳು ಸೊಪ್ಪು ಹಾಕಿ ಬೆಳೆಸಿದ ಒಂದು ಬೆಳೆಯ ದುಡಿಮೆಯೆಲ್ಲ ಮೊಬೈಲಿನ ಒಂದು ಮೆಸೇಜಾಗಿ ಕೈಸೇರುವುದರಿಂದ, ಆ ಮೊಬೈಲನ್ನು ಕಾಯುವುದು ಹುಳುಮನೆಯನ್ನು ಊಜಿ ನೊಣದಿಂದ ಕಾಯುವಷ್ಟೇ ಮುಖ್ಯವಾದ ಕೆಲಸವಾಗಿದೆ.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ವಾಟ್ಸಾಪ್‌ನಲ್ಲಿ ಲಗ್ನಪತ್ರಿಕೆಯೊಂದು ಬಂದಿತ್ತು. ತೆರೆಯುತ್ತಿಲ್ಲವೆಂದು ಅವರು ಫೋನನ್ನು ನನ್ನ ಕೈಗೆ ಕೊಟ್ಟಾಗ, ಆ ಪತ್ರಿಕೆಯು ತಮ್ಮ ಮೆಸೇಜುಗಳನ್ನು ಓದಲು ಅನುಮತಿ ಕೊಡಿರೆಂದು ಪರದೆಯ ಮೇಲೆ ಕೇಳುತ್ತಿತ್ತು. ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿತ್ತು. ಚಿತ್ರವಾಗಿದ್ದರೆ ಹೆಸರು ಸಾಮಾನ್ಯವಾಗಿ ‘ಜೆಪಿಜಿ’ ಎಂದೂ, ಪತ್ರವಾಗಿದ್ದರೆ ‘ಪಿಡಿಎಫ್’ ಎಂದೂ ಮುಗಿಯುತ್ತದೆ. ‘ಎಪಿಕೆ’ ಎಂದರೆ ಅದು ಪತ್ರಿಕೆಯಲ್ಲ, ಫೋನಿನೊಳಗೆ ನೆಲೆಯೂರುವ ಒಂದು ಆ್ಯಪ್. ಸರ್ಕಾರಿ ಯೋಜನೆಯ ಹಣ, ವಾಹನದ ದಂಡ, ಬ್ಯಾಂಕಿನ ಕೆವೈಸಿ ಎಂಬ ಹೆಸರುಗಳಲ್ಲಿಯೂ ಇದೇ ಬಗೆಯ ಕಡತಗಳು ಬರುತ್ತವೆ.

ಊಜಿ ನೊಣ ಹುಳುವಿನ ಮೈಮೇಲೆ ಬಿಳಿ ಚುಕ್ಕೆಯಷ್ಟು ಮೊಟ್ಟೆಯಿಟ್ಟು ಹಾರಿಹೋದ ಬಳಿಕ ಮರಿಯು ಹುಳುವಿನೊಳಗೇ ಬೆಳೆಯುವಂತೆ, ಈ ಆ್ಯಪ್ ಕೂಡ ಸದ್ದಿಲ್ಲದೆ ಒಳಗಿರುತ್ತದೆ. ನಿಮಗೆ ಬರುವ ಒಟಿಪಿಯನ್ನು ಅದು ಕಳ್ಳನಿಗೆ ತಲುಪಿಸುತ್ತದೆ. ಸೋಂಕು ತಗಲಿದ ಫೋನಿನಿಂದ ಬಳಗದವರಿಗೆಲ್ಲ ಅದೇ ಕಡತ ಹೋಗುವುದೂ ಉಂಟು. ಆದ್ದರಿಂದ ಪರಿಚಿತರ ನಂಬರಿನಿಂದ ಬಂದಿದೆ ಎಂಬುದು ನಂಬಲು ಸಾಕಾದ ಕಾರಣವಲ್ಲ. ಕಳಿಸಿದವರಿಗೆ ಒಂದು ಕರೆ ಮಾಡಿ ಕೇಳಿ.

ಈಗಲೇ ಫೋನಿನ ಸೆಟ್ಟಿಂಗ್ಸ್ ತೆರೆದು, ಅಪರಿಚಿತ ಆ್ಯಪ್‌ಗಳನ್ನು ಹಾಕಿಕೊಳ್ಳುವ ಅನುಮತಿ ಯಾವುದಕ್ಕೆ ಇದೆಯೆಂದು ನೋಡಿ, ವಾಟ್ಸಾಪ್ ಮತ್ತು ಕ್ರೋಮ್ ಎರಡಕ್ಕೂ ಅದನ್ನು ಮುಚ್ಚಿ. ಪ್ಲೇ ಸ್ಟೋರ್‌ನಲ್ಲಿ ‘ಪ್ಲೇ ಪ್ರೊಟೆಕ್ಟ್’ ಚಾಲೂ ಇರಲಿ. ಹುಳುಮನೆಯ ಕಿಟಕಿಗೆ ನೈಲಾನ್ ಬಲೆ ಕಟ್ಟಿದಂತೆ ಇದು.

ಇಂಥ ಆ್ಯಪ್ ಈಗಾಗಲೇ ಒಳಗೆ ಬಂದಿದ್ದರೆ, ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ವಹಿವಾಟು ನಿಲ್ಲಿಸಲು ಹೇಳಿ. ಆಮೇಲೆ ಆ್ಯಪ್ ಅಳಿಸಿ. ಅದು ಅಳಿಯದಿದ್ದರೆ ‘ಆ್ಯಕ್ಸೆಸಿಬಿಲಿಟಿ’ ಮತ್ತು ‘ಡಿವೈಸ್ ಅಡ್ಮಿನ್’ ಅನುಮತಿಗಳನ್ನು ಹಿಂಪಡೆದು ಮತ್ತೆ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಫೋಟೊಗಳನ್ನು ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ದಾರಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಲ್ಲಿಯೇ ಬದಲಾಯಿಸಬೇಕು.

‘ಇದಕ್ಕೆ ಅದೇಕೆ ಬೇಕು?’ ಎಂಬ ಪ್ರಶ್ನೆಯನ್ನು ಉಳಿದ ಕಡೆಯೂ ಕೇಳುವುದು ಒಳ್ಳೆಯದು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಹಳೆಯ ಬೈಕು ಮಾರಲು ಹಾಕಿದವರಿಗೆ ‘ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವವನು ಹಣ ಕೊಡಲು ಬಂದವನಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಖಾಕಿ ತೊಟ್ಟು ವಿಡಿಯೊ ಕರೆಯಲ್ಲಿ ಹೆದರಿಸುವವನೊಂದಿಗೆ ವಾದಕ್ಕಿಳಿಯದೆ ಕರೆ ಕಡಿದು, ಮನೆಯವರಿಗೆ ಹೇಳಿ. ಮರ್ಯಾದೆಗೆ ಅಂಜಿ ಒಬ್ಬರೇ ಕೋಣೆಯಲ್ಲಿ ಕುಳಿತವರೇ ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿ ಹಣ ತೆಗೆಯುವ ವ್ಯವಸ್ಥೆಯಲ್ಲಿ ಒಟಿಪಿ ಬೇಕಿಲ್ಲವಾದ್ದರಿಂದ, ಅದನ್ನು ಬಳಸದವರು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಡುವುದು ಕ್ಷೇಮ, ಬೇಕಾದಾಗ ತೆರೆಯಬಹುದು. ಇಮೇಲ್‌ಗೆ ಉದ್ದನೆಯ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ, ವಾಟ್ಸಾಪ್‌ಗೆ ಎರಡು ಹಂತದ ಪರಿಶೀಲನೆ ಇರಲಿ.

ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಬಹು ಬೇಗ ದಾಟುತ್ತದೆ. ಅದು ಕೈದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ತಡಮಾಡದೆ ತಿಳಿಸಿದಾಗ ಮಾತ್ರ. ವಹಿವಾಟಿನ 12 ಅಂಕಿಯ ಸಂಖ್ಯೆ, ಸಮಯ ಮತ್ತು ಮೊತ್ತವನ್ನು ಬರೆದಿಟ್ಟುಕೊಳ್ಳಿ, ಬಂದ ಮೆಸೇಜುಗಳನ್ನು ಅಳಿಸಬೇಡಿ. ಪಿನ್ ಅಥವಾ ಒಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೂ ನಾಚದೆ ಬ್ಯಾಂಕಿಗೆ ತಿಳಿಸಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಹಾಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಲಿಖಿತ ದೂರಿಗೆ ಚಿಕ್ಕಬಳ್ಳಾಪುರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ.

1930 ಎಂಬ ಸಂಖ್ಯೆಯನ್ನೂ, ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕಿನ ಸಂಖ್ಯೆಯನ್ನೂ ಫೋನಿನಲ್ಲಿ ಮಾತ್ರ ಇಡದೆ, ಹುಳು ಜ್ವರಕ್ಕೆ (ಪೊರೆ ಕಳಚುವ ಹಂತಕ್ಕೆ) ಕೂತ ದಿನಗಳನ್ನು ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲಿಯೂ ಬರೆದಿಡಿ. ಬೇಕಾಗುವ ಹೊತ್ತಿಗೆ ಆ ಫೋನು ಬಳಸುವಂತಿರುವುದಿಲ್ಲ.