ಮಳೆಗಾಲ ಬಂತು, ಕಾರಿನ ವೈರು ನೋಡಿಕೊಳ್ಳಿ

ತೀರ್ಥಹಳ್ಳಿ, ಹೊಸನಗರ ಕಡೆ ಕೊಟ್ಟಿಗೆ ಪಕ್ಕವೇ ಕಾರು ನಿಲ್ಲಿಸುವವರು ಜಾಸ್ತಿ, ಅಲ್ವಾ? ನಮ್ಮದೂ ಹಾಗೇ. ಹೋದ ಮಳೆಗಾಲ ನಾಲ್ಕು ದಿನ ಕಾರು ತೆಗೆದಿರಲಿಲ್ಲ. ಐದನೇ ದಿನ ಸ್ಟಾರ್ಟ್ ಮಾಡಿದರೆ ಎಂಜಿನ್ ದೀಪ ಆರಲೇ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕ ದರಗು, ಬಟ್ಟೆ ಚೂರು ಸೇರಿಸಿ ಕಟ್ಟಿದ ಇಲಿ ಗೂಡು, ಕಡಿದು ಹಾಕಿದ ವೈರು.

ಹೀಗಾದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಮೊದಲು ಬ್ಯಾಟರಿಯ ಮೈನಸ್ ತುದಿ ಬಿಚ್ಚಿ. ಫೋಟೋ ತೆಗೆದಿಡಿ, ಇನ್ಶೂರೆನ್ಸ್‌ನವರನ್ನು ಕೇಳುವಾಗ ಬೇಕಾಗುತ್ತದೆ. ಗೂಡನ್ನು ಬರಿಗೈಯಲ್ಲಿ ಮಾತ್ರ ಮುಟ್ಟಲೇಬೇಡಿ. ಇಲಿ ಮೂತ್ರದಿಂದ ಇಲಿ ಜ್ವರ ಹರಡುತ್ತದೆ, ಕೈಯಲ್ಲಿ ಗಾಯ ಇದ್ದರಂತೂ ಅಪಾಯ ಜಾಸ್ತಿ. ರಬ್ಬರ್ ಗ್ಲೌಸ್ ಹಾಕಿಕೊಂಡೇ ತೆಗೆಯಿರಿ.

ರಿಪೇರಿಗೆ ಕೊಟ್ಟಾಗ ಸುಮ್ನೆ ಟೇಪ್ ಸುತ್ತಿಸಿಕೊಂಡು ಬರಬೇಡಿ. ನಮ್ಮ ಮಲೆನಾಡಿನ ತೇವಕ್ಕೆ ಒಳಗೆ ತಾಮ್ರ ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ (ವೈರು ಮುಚ್ಚುವ ಪ್ಲಾಸ್ಟಿಕ್ ಕೊಳವೆ) ಹಾಕಿಸಿ.

ಇಲಿಯ ಮುಂದಿನ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಅದು ಏನನ್ನಾದರೂ ಕಡಿಯಲೇಬೇಕು. ಎಂಜಿನ್ನಿನ ಬಿಸಿ ಅದಕ್ಕೆ ಹಿತ. ಹೊಗೆಸೊಪ್ಪು ಇಟ್ಟು ನೋಡಿದೆ, ವಾಸನೆ ಹೋದ ಮೇಲೆ ಮತ್ತೆ ಬಂತು. ನಮಗೆ ಉಪಯೋಗಕ್ಕೆ ಬಂದದ್ದು ಬೇರೆ: ಭತ್ತ, ಹಿಂಡಿ ಚೀಲಗಳನ್ನು ಕಾರಿನಿಂದ ದೂರ ಇಟ್ಟೆವು, ಎರಡು ದಿನಕ್ಕೊಮ್ಮೆ ಓಡಿಸಿದೆವು, ರಾತ್ರಿ ಬಾನೆಟ್ ಎತ್ತಿಟ್ಟೆವು. ಬೆಳಕು, ಗಾಳಿ ಇರುವ ಕಡೆ ಅದು ಗೂಡು ಕಟ್ಟಲು ಹಿಂಜರಿಯುತ್ತದೆ.

ದಯವಿಟ್ಟು ವಿಷ ಇಡಬೇಡಿ. ವಿಷ ತಿಂದ ಇಲಿಯನ್ನು ತಿಂದು ಮನೆ ಬೆಕ್ಕು, ತೋಟದ ಗೂಬೆ ಸಹ ಸಾಯಬಹುದು.