ವೆರಿಕೋಸ್ ವೇನ್ ಟ್ರೀಟ್‌ಮೆಂಟ್‌ಗೆ ಹೋಗೋ ಮುಂಚೆ ಇಷ್ಟು ತಿಳ್ಕೊಂಡಿರಿ

ಮೈಸೂರು, ಮಂಡ್ಯ ಕಡೆ ಕಾಲಲ್ಲಿ ನರ (ಅಂದ್ರೆ ರಕ್ತನಾಳ) ಗಂಟುಗಂಟಾಗಿ ಉಬ್ಬಿರೋರು, ಅಂದ್ರೆ ವೆರಿಕೋಸ್ ವೇನ್ ಇರೋರು ಬೀದಿಗೊಬ್ರು ಸಿಗ್ತಾರೆ, ಹೋಟೆಲ್ ಅಡುಗೆಯೋರು, ಕಂಡಕ್ಟರ್‌ಗಳು, ದೇವರಾಜ ಮಾರ್ಕೆಟ್ಟಲ್ಲಿ ದಿನವೆಲ್ಲಾ ನಿಂತೇ ವ್ಯಾಪಾರ ಮಾಡೋರು. ನೋವಿಲ್ವಲ್ಲ ಅಂತ ವರ್ಷಗಟ್ಲೆ ಬಿಟ್ಬಿಟ್ಟು, ಪಾದದ ಗಿಣ್ಣಿನ ಒಳಗಡೆ ಚರ್ಮ ಕಪ್ಪಾಗಿ ತುರಿಕೆ ಬಂದು ಗಾಯ ಆದ್ಮೇಲೆ ಡಾಕ್ಟ್ರ ಹತ್ರ ಓಡ್ತಾರೆ. ಚರ್ಮದ ಬಣ್ಣ ಬದಲಾದಾಗ್ಲೇ ಹೋಗ್ಬಿಡಿ ದಯವಿಟ್ಟು, ಸೊಪ್ಪು ಕಟ್ಕೊಂಡು ಕೂರ್ಬೇಡಿ.

ರಕ್ತನಾಳದ ಒಳಗಿರೋ ಪುಟ್ಟ ವಾಲ್ವ್‌ಗಳು ಕೆಟ್ಟೋಗಿ, ಮೇಲಕ್ಕೆ ಹೋಗ್ಬೇಕಾದ ರಕ್ತ ಕೆಳಗೇ ನಿಂತ್ಕೊಳತ್ತೆ, ಕಾಯಿಲೆ ಅಂದ್ರೆ ಅಷ್ಟೇ. ಎಲ್ಲಿ ಕೆಟ್ಟಿದೆ ಅಂತ ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ, ರಕ್ತ ಎತ್ತ ಹರೀತಿದೆ ಅಂತ ತೋರಿಸೋ ಡಾಪ್ಲರ್ ಸ್ಕ್ಯಾನ್ ಬೇಕೇ ಬೇಕು. ಅದನ್ನ ನಿಮ್ಮನ್ನ ನಿಲ್ಲಿಸಿ ಮಾಡ್ಬೇಕು, ಜೆಲ್ ಹಚ್ಚಿ ಮೀನಖಂಡ ಹಿಸುಕಿ ಬಿಟ್ಟು ರಕ್ತ ವಾಪಸ್ ಬರತ್ತಾ ನೋಡ್ತಾರೆ, ಒಳಗಿನ ದೊಡ್ಡ ನಾಳದಲ್ಲಿ ಹೆಪ್ಪುಗಟ್ಟಿದೆಯಾ ಅಂತಾನೂ ನೋಡ್ತಾರೆ. ಸ್ಕ್ಯಾನ್ ಇಲ್ದೇನೇ ಲೇಸರ್‌ಗೆ ಡೇಟ್ ಕೊಡೋ ಕಡೆ ನಾನಂತೂ ಹೋಗಲ್ಲ, ನೀವೂ ಹೋಗ್ಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಥರದ ಸರ್ಕಾರಿ ಆಸ್ಪತ್ರೇಲಿ ಮೊದಲು ಸರ್ಜರಿ ಓಪಿಡಿಗೆ ಹೋಗಿ ಕೇಳಿ.

ಲೇಸರ್, ರೇಡಿಯೋಫ್ರೀಕ್ವೆನ್ಸಿ ಎರಡೂ ಕೆಟ್ಟ ನಾಳನ ಒಳಗಿಂದ ಬಿಸಿ ಮಾಡಿ ಮುಚ್ಚೋದು, ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಏನಿಲ್ಲ, ಹಾಗಾಗಿ ಹೆಸರಿಗೆ ಮರುಳಾಗಿ ದುಡ್ಡು ಜಾಸ್ತಿ ಕೊಡ್ಬೇಡಿ. ಸಣ್ಣಪುಟ್ಟದಕ್ಕೆ ನಾಳ ಮುಚ್ಚೋ ನೊರೆ ಥರದ ಔಷಧಿ ಚುಚ್ತಾರೆ, ಅದೇ ಫೋಮ್ ಇಂಜೆಕ್ಷನ್, ಅದರ ಕಂದು ಕಲೆ ಕೆಲವರಿಗೆ ತಿಂಗಳುಗಟ್ಲೆ ಉಳಿಯತ್ತೆ. ನಾಳ ಎಳೆದು ತೆಗೆಯೋ ಹಳೇ ಆಪರೇಷನ್ ಈಗ್ಲೂ ಇದೆ, ಅದೂ ತಪ್ಪೇನಲ್ಲ.

ಸ್ಟಾಕಿಂಗ್, ಅಂದ್ರೆ ಕಾಲನ್ನ ಒತ್ತಿ ಹಿಡಿಯೋ ಬಿಗಿ ಉದ್ದ ಕಾಲುಚೀಲದ ಬಗ್ಗೆ ಸ್ವಲ್ಪ ಗಮನ ಕೊಡಿ. ಬೆಳಗ್ಗೆ ಹಾಸಿಗೆಯಿಂದ ಇಳಿಯೋಕ್ಕೆ ಮುಂಚೆ, ಕಾಲು ಊದ್ಕೊಳೋ ಮುಂಚೇನೇ ಹಾಕ್ಬೇಕು. ಹಿಮ್ಮಡಿ ತನಕ ಒಳಮೈ ಹೊರಗೆ ತಿರುಗಿಸಿ, ಪಾದ ತೂರಿಸಿ, ಆಮೇಲೆ ನಿಧಾನವಾಗಿ ಅಂಗೈಯಿಂದ ಸವರ್ತಾ ಮೇಲಕ್ಕೆ ಏರಿಸಿ, ಸುಕ್ಕು ಇರ್ಬಾರ್ದು, ಮೇಲ್ತುದಿ ಮಡಚ್ಲೂಬಾರ್ದು, ಮಡಚಿದ್ರೆ ಅಲ್ಲೇ ಕಟ್ಟು ಹಾಕ್ದಂಗೆ ಬಿಗಿಯತ್ತೆ. ಶುಗರ್ ಇರೋರು, ಬೀಡಿ ಸಿಗರೇಟು ಸೇದೋರು ಪಾದದ ನಾಡಿ ತೋರಿಸ್ದೆ ಇದನ್ನ ಹಾಕ್ಲೇಬೇಡಿ, ಶುದ್ಧ ರಕ್ತ ಹೋಗೋ ನಾಳ ಕಿರಿದಾಗಿದ್ರೆ ಕಾಲಿಗೇ ಅಪಾಯ.

ಲೇಸರ್ ಆದ ದಿನಾನೇ ಓಡಾಡಿಸ್ತಾರೆ, ಓಡಾಡಿ, ಮಲಗಿಬಿಡ್ಬೇಡಿ. ತೊಡೇಲಿ ಹಗ್ಗ ಬಿಗಿದಂಗೆ ಎಳೆಯೋದು, ನೀಲಿ ಕಟ್ಟೋದು ಒಂದೆರಡು ವಾರ ಸಾಮಾನ್ಯ. ಆದ್ರೆ ಒಂದೇ ಕಾಲಿನ ಮೀನಖಂಡ ಊದಿ ನೋವು ಜಾಸ್ತಿ ಆದ್ರೆ, ಉಸಿರಾಡಕ್ಕೆ ಕಷ್ಟ ಆದ್ರೆ, ಎದೆ ನೋವು ಬಂದ್ರೆ ತಕ್ಷಣ ಎಮರ್ಜೆನ್ಸಿಗೆ. ಉಬ್ಬಿದ ನರ ಒಡೆದು ರಕ್ತ ಸುರಿದ್ರೆ ಗಾಬರಿಯಾಗಿ ಮೇಲ್ಗಡೆ ಹಗ್ಗ ಕಟ್ಬೇಡಿ, ಮಲಗಿ ಕಾಲು ಎತ್ತರಕ್ಕಿಟ್ಟು ಶುದ್ಧ ಬಟ್ಟೇಲಿ ಒಂದು ಹತ್ತು ನಿಮಿಷ ಗಟ್ಟಿಯಾಗಿ ಒತ್ಕೊಂಡಿದ್ದು ಆಮೇಲೆ ಆಸ್ಪತ್ರೆಗೆ ಹೋಗಿ.

ಇನ್ಶೂರೆನ್ಸ್ ಇದ್ರೆ ಪೇಪರ್ ಮೊದಲು ನೋಡಿ, ಬಹಳಷ್ಟು ಪಾಲಿಸೀಲಿ ವೆರಿಕೋಸ್‌ಗೆ 2 ವರ್ಷ ವೇಟಿಂಗ್ (ಅಲ್ಲೀ ತನಕ ಕ್ಲೇಮ್ ಸಿಗಲ್ಲ) ಇರತ್ತೆ, ಸೌಂದರ್ಯಕ್ಕೆ ಮಾಡಿಸ್ಕೊಂಡಿದ್ದು ಅಂತ ಕ್ಲೇಮ್ ತಿರಸ್ಕರಿಸೋದೂ ಉಂಟು, ಅದಕ್ಕೆ ಊತ, ಗಾಯ, ಡಾಪ್ಲರ್ ರಿಪೋರ್ಟ್ ಎಲ್ಲಾ ಡಾಕ್ಟ್ರ ಕೈಲಿ ಚೀಟೀಲಿ ಬರೆಸ್ಕೊಂಡಿರಿ.