ಆನೆ ತಲೆ ಬಂಡೆ ಮತ್ತು ನಾಲ್ಕು ಕೆಜಿ ಸೀಸ

ಆನೆ ನೀರಲ್ಲಿ ಕೂತರೆ ಹೇಗೆ ಕಾಣುತ್ತದೆ ಅಂತ ಶಿವಮೊಗ್ಗದಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಕ್ರೆಬೈಲಿನಲ್ಲಿ ಬೆಳಗ್ಗೆ ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸುತ್ತಾರಲ್ಲ, ಆಗ ನೆತ್ತಿಯ ಉಬ್ಬು, ಬೆನ್ನಿನ ಒಂದು ಚೂರು ಅಷ್ಟೇ ಮೇಲೆ. ಉಳಿದ ಆನೆಯೆಲ್ಲ ನೀರೊಳಗೆ. ಥಾಯ್ಲೆಂಡಿನ ಸಿಮಿಲನ್ ದ್ವೀಪಗಳಲ್ಲಿ 7 ಮತ್ತು 8ನೇ ದ್ವೀಪದ ಮಧ್ಯೆ ಎಲಿಫೆಂಟ್ ಹೆಡ್ ರಾಕ್ ಅಂತ ಒಂದು ಜಾಗ ಇದೆ. ಬೋಟಿನಿಂದ ಅದನ್ನು ಮೊದಲು ನೋಡಿದಾಗ ನನಗೆ ಸಕ್ರೆಬೈಲೇ ನೆನಪಾಯಿತು. ಕಡಲಿನ ಮಧ್ಯೆ ಬೋಳು ಬಂಡೆಗಳ ನೆತ್ತಿ ಮಾತ್ರ. ಕೆಳಗೆ 30 ಮೀಟರಿಗೂ ಜಾಸ್ತಿ ಆಳದವರೆಗೆ ಬಂಡೆಯ ಮೇಲೆ ಬಂಡೆ, ನಡುವೆ ಸಂದುಗಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಡೈವ್ ಮಾಡುತ್ತಾ ಆ ಸಂದುಗಳಲ್ಲಿ ತೂರಬೇಕು ಅಂತಲೇ ನಾನು ಅಷ್ಟು ದೂರ ಹೋಗಿದ್ದು.

"ನೆಲದ ಮೇಲೆ ಜಾಗ ಸಾಲದಾ ನಿಂಗೆ?" ಅಂದಿದ್ದರು ಅಮ್ಮ. ಉತ್ತರ ನನ್ನ ಹತ್ತಿರ ಇರಲಿಲ್ಲ.

ಶುರುವಾಗಿದ್ದು ನಮ್ಮ ನೇತ್ರಾಣಿಯಲ್ಲೇ. ಮುರುಡೇಶ್ವರದಿಂದ ಬೋಟಿನಲ್ಲಿ ಹೋಗಿ, ಗೈಡ್ ಕೈ ಹಿಡಿದುಕೊಂಡು ಅರ್ಧ ಗಂಟೆ ಮುಳುಗಿದ್ದೆ. ವಾಪಸ್ ಬರುವಾಗ ಅಲೆಗೆ ಹೊಟ್ಟೆ ತೊಳಸಿ ಬೆಳಗ್ಗೆ ತಿಂದ ಇಡ್ಲಿ ಎಲ್ಲ ಸಮುದ್ರಪಾಲು. ಆದರೂ ಮರುವರ್ಷ ಓಪನ್ ವಾಟರ್ ಅನ್ನುವ ಡೈವಿಂಗಿನ ಮೊದಲ ಕೋರ್ಸ್ ಮಾಡಿದೆ. ಅದರ ಮಿತಿ 18 ಮೀಟರ್. ಆಮೇಲೆ ಅಡ್ವಾನ್ಸ್‌ಡ್ ಮಾಡಿದೆ, 30 ಮೀಟರಿನವರೆಗೆ ಇಳಿಯಬಹುದು. ಸಿಮಿಲನ್‌ಗೆ ಹೋಗುವಾಗ ನನ್ನ ಲಾಗ್ ಪುಸ್ತಕದಲ್ಲಿ 34 ಡೈವ್ ಇದ್ದವು. ನಾನೇನೋ ಕಲಿತುಬಿಟ್ಟಿದ್ದೇನೆ ಅಂದುಕೊಂಡಿದ್ದೆ.

ಖಾವೋ ಲಾಕ್ ಕಡೆಯ ಜೆಟ್ಟಿಯಿಂದ ಸಂಜೆ ಬೋಟು ಹೊರಡುತ್ತದೆ. ನಾಲ್ಕು ರಾತ್ರಿ ಅದರಲ್ಲೇ ಊಟ, ಅದರಲ್ಲೇ ನಿದ್ದೆ. ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ಸಿಮಿಲನ್ ರಾಷ್ಟ್ರೀಯ ಉದ್ಯಾನ ತೆರೆದಿರುತ್ತದೆ, ಮಳೆಗಾಲದಲ್ಲಿ ಬಂದ್. ನಾವು ಹೋಗಿದ್ದು ಫೆಬ್ರವರಿಯಲ್ಲಿ. ಸಿಮಿಲನ್ ಅನ್ನುವ ಹೆಸರು ಮಲಯ್ ಭಾಷೆಯ 'ಸೆಂಬಿಲಾನ್'ನಿಂದ ಬಂದಿದ್ದು, ಅಂದರೆ ಒಂಬತ್ತು. ಒಂಬತ್ತು ದ್ವೀಪ, ದಕ್ಷಿಣದಿಂದ ಉತ್ತರಕ್ಕೆ ನಂಬರು. ಪೂರ್ವದ ಕಡೆ ಹವಳದ ಇಳಿಜಾರು, ಬಿಳಿ ಮರಳು, ಆರಾಮದ ನೀರು. ಪಶ್ಚಿಮದ ಕಡೆ ಮನೆ ಗಾತ್ರದ ಗ್ರಾನೈಟ್ ಗುಂಡುಗಳು. ಹಂಪಿಯ ಹೇಮಕೂಟದ ಬಂಡೆಗಳನ್ನು ಹಾಗೇ ಎತ್ತಿ ನೀರಿಗೆ ಇಳಿಸಿದ ಹಾಗೆ. ಹೋಲಿಕೆ ಸುಮ್ನೆ ಹೇಳಿದ್ದಲ್ಲ. ಗ್ರಾನೈಟ್ ತನ್ನ ಬಿರುಕುಗಳ ಗುಂಟ ಸವೆದು ಮೂಲೆ ಕಳೆದುಕೊಂಡು ಗುಂಡಗಾಗುವುದು ಎರಡೂ ಕಡೆ ಒಂದೇ ರೀತಿ. ಹಿಮಯುಗದಲ್ಲಿ ಸಮುದ್ರ ನೂರು ಮೀಟರಿಗಿಂತ ಜಾಸ್ತಿ ಕೆಳಗಿತ್ತು, ಈಗ ನಾವು ಈಜುವ ಈ ಸಂದುಗಳು ಆಗ ಒಣಗಿದ ನೆಲದಲ್ಲಿದ್ದವು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಊರಲ್ಲಿ ಎಲ್ಲರಿಗೂ ನಾನು "ಗುಹೆಯೊಳಗೆ ಡೈವ್ ಮಾಡಿದೆ" ಅಂತ ಹೇಳಿಕೊಂಡು ತಿರುಗಿದ್ದು ನಿಜ. ಅದು ಗುಹೆ ಅಲ್ಲ. ಬಂಡೆ ಬಂಡೆಗೆ ಒರಗಿ ಆದ ಕಂಡಿ. ಒಂದು ಕಡೆ ಹೊಕ್ಕರೆ ಇನ್ನೊಂದು ಕಡೆಯ ಬೆಳಕು ಕಾಣುತ್ತಲೇ ಇರಬೇಕು, ಕಾಣದಿದ್ದರೆ ನಮ್ಮಂಥವರು ಹೋಗುವ ಹಾಗಿಲ್ಲ. ನಿಜವಾದ ಗುಹೆ ಡೈವಿಂಗಿಗೆ ಬೇರೆಯೇ ತರಬೇತಿ ಇದೆ. ಅವರು ಮೂರರಲ್ಲಿ ಒಂದು ಪಾಲು ಗಾಳಿಯನ್ನು ಒಳಗೆ ಹೋಗುವುದಕ್ಕೆ, ಒಂದು ಪಾಲನ್ನು ಬರುವುದಕ್ಕೆ ಇಟ್ಟು, ಮೂರನೆಯದನ್ನು ಆಪತ್ತಿಗೆ ಅಂತ ಮುಟ್ಟದೆ ಉಳಿಸುತ್ತಾರೆ. ದಾರಿ ತಪ್ಪದಿರಲು ಹಗ್ಗ ಬಿಡುತ್ತಾ ಹೋಗುತ್ತಾರೆ. 2018ರಲ್ಲಿ ಇದೇ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಹುಡುಗರು, ಅವರ ಕೋಚ್ ಸಿಕ್ಕಿಕೊಂಡಿದ್ದರಲ್ಲ, ಆಗ ಒಳಗೆ ಸಿಲಿಂಡರ್ ಇಟ್ಟು ವಾಪಸ್ ಬರುವಾಗ ತೀರಿಕೊಂಡ ಸಮನ್ ಕುನಾನ್ ನೌಕಾಪಡೆಯಲ್ಲಿ ಪಳಗಿದವರು. ಅಂಥವರಿಗೇ ಹಾಗಾಗುವ ಜಾಗಕ್ಕೂ ನಾನು ಹೋದ ಜಾಗಕ್ಕೂ ಹೆಸರು ಒಂದೇ ಆಗಬಾರದು ಅನ್ನಿಸುತ್ತದೆ.

ಮೊದಲ ಕಂಡಿ ಸಿಕ್ಕಿದ್ದು 9ನೇ ದ್ವೀಪದ ಹತ್ತಿರ, ಎರಡನೇ ಡೈವಿನಲ್ಲಿ. ಕಮಾನಿನ ಹಾಗೆ ಇತ್ತು, ಇಬ್ಬರು ಅಕ್ಕಪಕ್ಕ ಹೋಗುವಷ್ಟು ಅಗಲ. ಗೈಡ್ ಮುಂದೆ, ನಾನು, ಹಿಂದೆ ನನ್ನ ಗೆಳತಿ. ಒಳಗೆ ಹೊಕ್ಕ ತಕ್ಷಣ ಏನಾಯಿತು ಅಂದರೆ, ನನಗೆ ಖುಷಿಯಾಯಿತು. ಖುಷಿಗೆ ಒಂದು ದೊಡ್ಡ ಉಸಿರು ಎಳೆದುಕೊಂಡೆ. ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ಮೈ ಮೇಲಕ್ಕೆದ್ದು ಬೆನ್ನ ಸಿಲಿಂಡರ್ ಚಾವಣಿಗೆ ಟಣ್ ಅಂತ ಬಡಿಯಿತು. ನೀರೊಳಗೆ ಆ ಸದ್ದು ಕಿವಿಯಲ್ಲಿ ಅಲ್ಲ, ಹಲ್ಲಿನಲ್ಲಿ ಕೇಳಿಸುತ್ತದೆ. ಗಾಬರಿಯಾಗಿ ಕಾಲು ಬಡಿದೆ. ಕೆಳಗಿನ ಮರಳೆಲ್ಲ ಎದ್ದು, ಹಿಂದೆ ಇದ್ದ ಗೆಳತಿಗೆ ನನ್ನ ಕಾಲಿನ ಫಿನ್ನೂ (ಈಜುರೆಕ್ಕೆ) ಕಾಣಲಿಲ್ಲವಂತೆ. ಆಚೆ ಬಂದು ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ನೋಡಿದರೆ ಹತ್ತಿಪ್ಪತ್ತು ಸೆಕೆಂಡಿನ ದಾರಿಗೆ ಅಷ್ಟೊಂದು ಗಾಳಿ ಖಾಲಿ. ನಾಚಿಕೆಯಾಯಿತು.

ಬೋಟಿಗೆ ಬಂದಮೇಲೆ ಗೈಡ್ ಬೈಯಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವಳು. ಮುಳುಗಲು ಅಂತ ಸೀಸದ ತೂಕ ಪೋಣಿಸಿದ ನನ್ನ ಸೊಂಟದ ಬೆಲ್ಟನ್ನು ಕೈಯಲ್ಲಿ ಎತ್ತಿ ನೋಡಿ, "ಆರು ಕೆಜಿ ಯಾಕೆ?" ಅಂತ ಕೇಳಿದಳು.

ಯಾಕೆ ಅಂದರೆ, ಕಲಿತ ಕಡೆ ಆರು ಕೆಜಿ ಕೊಟ್ಟಿದ್ದರು. ಹೊಸಬರು ಬೇಗ ಮುಳುಗಲಿ ಅಂತ ಕೊಡುತ್ತಾರೆ. ನಾನು ಅದನ್ನೇ ಚಪ್ಪಲಿ ನಂಬರಿನ ಹಾಗೆ ಎಲ್ಲಾ ಕಡೆ ಹೇಳುತ್ತಾ ಬಂದಿದ್ದೆ. ತೂಕ ಜಾಸ್ತಿ ಆದರೆ ಮೈ ತಳಕ್ಕೆ ಇಳಿಯುತ್ತದೆ, ಅದನ್ನು ಸರಿ ಮಾಡಲು ಜಾಕೆಟ್ಟಿಗೆ ಗಾಳಿ ತುಂಬುತ್ತೇವೆ. ಜಾಕೆಟ್ಟಿನ ಗಾಳಿ ಎದೆಯನ್ನು ಎತ್ತುತ್ತದೆ, ಸೀಸ ಸೊಂಟವನ್ನು ಎಳೆಯುತ್ತದೆ. ಮಲಗಿ ಈಜುತ್ತಿದ್ದೇನೆ ಅಂತ ನಾನು ಅಂದುಕೊಂಡಿದ್ದರೆ, ಗೆಳತಿ ತೆಗೆದ ವಿಡಿಯೋದಲ್ಲಿ ನಾನು ಹೆಚ್ಚುಕಡಿಮೆ ಬಸ್ ಸ್ಟಾಪಿನಲ್ಲಿ ನಿಂತ ಹಾಗಿದ್ದೆ. ನಿಂತವರು ತೂರಲು ಎತ್ತರದ ಬಾಗಿಲು ಬೇಕಲ್ವಾ?

ಮಧ್ಯಾಹ್ನ ಬೋಟಿನ ಹಿಂಭಾಗದಲ್ಲಿ ಪರೀಕ್ಷೆ ನಡೆಯಿತು. ಜಾಕೆಟ್ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದು ಅಲುಗಾಡದೆ ತೇಲಬೇಕು. ನೀರು ಕಣ್ಣಿನ ಮಟ್ಟಕ್ಕೆ ನಿಂತು, ಉಸಿರು ಬಿಟ್ಟಾಗ ನಿಧಾನಕ್ಕೆ ಮುಳುಗಿದರೆ ತೂಕ ಸರಿ. ನಾನು ಕಲ್ಲಿನ ಹಾಗೆ ಇಳಿದೆ. ಒಂದೊಂದೇ ಕೆಜಿ ತೆಗೆಯುತ್ತಾ ಬಂದೆವು. ಕೊನೆಗೆ ಸಿಲಿಂಡರ್ ಖಾಲಿಯಾದಾಗಿನ ಲೆಕ್ಕವನ್ನೂ ಸೇರಿಸಿದೆವು. 11 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿ ಅಂದರೆ ಆ ಗಾಳಿಯ ತೂಕವೇ ಸುಮಾರು ಎರಡೂವರೆ ಕೆಜಿ. ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಹೆಚ್ಚಿನದು ಹೋಗಿರುತ್ತದೆ. ಅದನ್ನೆಲ್ಲ ಕಳೆದು ಕೂಡಿ ನಿಂತದ್ದು ನಾಲ್ಕು ಕೆಜಿಗೆ. ಅದರಲ್ಲಿ ಎರಡನ್ನು ಸೊಂಟದಿಂದ ತೆಗೆದು ಸಿಲಿಂಡರಿನ ಪಟ್ಟಿಗೆ, ಬೆನ್ನಿನ ಮೇಲ್ಭಾಗಕ್ಕೆ ಕಟ್ಟಿದಳು.

ಉಸಿರಿನ ಲೆಕ್ಕವೂ ಅವಳೇ ಹೇಳಿದ್ದು. ಒಂದು ಲೀಟರ್ ಜಾಸ್ತಿ ಉಸಿರು ಎಳೆದರೆ ಒಂದು ಲೀಟರ್ ಸಮುದ್ರದ ನೀರನ್ನು ಪಕ್ಕಕ್ಕೆ ತಳ್ಳಿದ ಹಾಗೆ, ಅಂದರೆ ಒಂದು ಕೆಜಿಗೂ ಚೂರು ಹೆಚ್ಚು ಮೇಲೆತ್ತುವ ಬಲ. ಆದರೆ ಎಳೆದ ತಕ್ಷಣ ಮೈ ಏಳುವುದಿಲ್ಲ, ಒಂದೆರಡು ಸೆಕೆಂಡ್ ತಡ. ಹಾಗಾಗಿ ಚಾವಣಿ ತಗ್ಗುವ ಜಾಗಕ್ಕೆ ಬಂದಮೇಲೆ ಉಸಿರು ಬಿಟ್ಟರೆ ಪ್ರಯೋಜನ ಇಲ್ಲ, ಒಂದು ಮೈಯುದ್ದ ಮೊದಲೇ ಬಿಡಬೇಕು. ಉಸಿರನ್ನು ಹಿಡಿದುಕೊಳ್ಳುವುದಂತೂ ಬೇಡವೇ ಬೇಡ. ಹಿಡಿದುಕೊಂಡು ಮೇಲಕ್ಕೆ ಹೋದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಚಿಕ್ಕ ಚಿಕ್ಕ ಉಸಿರು, ಆದರೆ ನಿಲ್ಲಿಸುವ ಹಾಗಿಲ್ಲ. ಕಾಲಿಗೆ ಕಪ್ಪೆ ಈಜು: ಮೇಲೆ ಕೆಳಗೆ ಬಡಿಯದೆ ಪಕ್ಕಕ್ಕೆ ತಳ್ಳಿ ಜಾರುವುದು. ತುಂಗೆಯಲ್ಲಿ ಕಾಲು ಬಡಿದೇ ಈಜು ಕಲಿತ ನನಗೆ ಇದು ಮೈಗೆ ಹತ್ತಲು ಎರಡು ಡೈವ್ ಹಿಡಿಯಿತು.

ಮೂರನೇ ದಿನ ಬೆಳಗ್ಗೆ ಆನೆ ತಲೆಗೆ ಇಳಿದೆವು. ಇಳಿಯುವ ಮುಂಚೆಯೇ ಮಾತಾಗಿತ್ತು. ಯಾವ ಕಂಡಿಗೂ ಯಾರೂ ಬರಲೇಬೇಕು ಅಂತಿಲ್ಲ. ಬೇಡ ಅನ್ನಿಸಿದರೆ ಅಂಗೈ ಅಲ್ಲಾಡಿಸಿ ತೋರಿಸುವುದು, ಜೋಡಿಯ ಜೊತೆ ಬಂಡೆಯ ಮೇಲಿನಿಂದ ಹಾದು ಆಚೆ ಕಡೆ ಸೇರಿಕೊಳ್ಳುವುದು. (ಹೆಬ್ಬೆರಳು ಎತ್ತಬೇಡಿ. ನೀರೊಳಗೆ ಅದು "ಸೂಪರ್" ಅಲ್ಲ, "ಡೈವ್ ಮುಗಿಸಿ ಮೇಲೆ ಹೋಗೋಣ" ಅಂತ. ನೇತ್ರಾಣಿಯಲ್ಲಿ ನಾನು ಖುಷಿಗೆ ಎತ್ತಿ, ಗೈಡ್ ನನ್ನನ್ನು ನಿಜವಾಗಿಯೂ ಮೇಲೆ ಕರೆದುಕೊಂಡು ಹೋಗಿದ್ದ.)

24 ಮೀಟರಿನಲ್ಲಿ ಮೊದಲ ಕಂಡಿ. ನಮಗಿಂತ ಮುಂಚೆ ಬೇರೆ ಬೋಟಿನವರು ತೂರಿ ಹೋಗಿದ್ದರು, ಒಳಗೆ ಮರಳು ಹೊಗೆಯ ಹಾಗೆ ನಿಂತಿತ್ತು. ಆಚೆ ಬೆಳಕು ಇದೆ ಅಂತ ಗೊತ್ತು, ಆದರೆ ಕಾಣುತ್ತಿರಲಿಲ್ಲ. ಜೊತೆಗೆ ನೀರು ಉಯ್ಯಾಲೆ ಆಡುತ್ತಿತ್ತು. ಅಲೆ ಬಂದಾಗ ಎರಡು ಅಡಿ ಒಳಗೆ ಎಳೆಯುತ್ತದೆ, ಹೋದಾಗ ಎರಡು ಅಡಿ ಹೊರಗೆ ಉಗುಳುತ್ತದೆ. ಕಂಡಿಯ ಬಾಯಲ್ಲಿ ನಿಂತು ನೋಡಿದೆ. ಎದೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು. ಅಂಗೈ ಅಲ್ಲಾಡಿಸಿದೆ. ಗೈಡ್ ಓಕೆ ಅಂತ ತೋರಿಸಿ, ತಾನೂ ಒಳಗೆ ಇಣುಕಿ, ಎಲ್ಲರನ್ನೂ ಮೇಲಿನಿಂದಲೇ ಕರೆದುಕೊಂಡು ಹೋದಳು. ಇಷ್ಟು ದೂರ, ಇಷ್ಟು ದುಡ್ಡು ಕೊಟ್ಟು ಬಂದು ಬಂಡೆಯ ತಲೆ ಮೇಲೆ ಹಾದು ಹೋಗುವಾಗ ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಎರಡನೆಯದು 17 ಮೀಟರಿನಲ್ಲಿ. ಎರಡು ದೊಡ್ಡ ಗುಂಡು, ಅವುಗಳ ಮೇಲೆ ಚಪ್ಪಡಿಯಂಥ ಇನ್ನೊಂದು. ಆಚೆ ತುದಿಯಲ್ಲಿ ನೀಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಗೇಜನ್ನು ಎದೆಗೆ ಕ್ಲಿಪ್ ಮಾಡಿಕೊಂಡೆ, ಏನೂ ನೇತಾಡಬಾರದು. ಕಂಡಿಯ ಬಾಯಿಯ ಹತ್ತಿರ ನಿಂತು ಮೂರು ಉಸಿರು ಎಣಿಸಿದೆ. ಮೂರನೆಯದನ್ನು ಬಿಡುತ್ತಾ ಹೊಕ್ಕೆ.

ಒಳಗೆ ಮೊದಲು ಬದಲಾಗುವುದು ಸದ್ದು. ಹೊರಗೆ ಹವಳದ ಚಟಪಟ, ದೂರದ ಬೋಟಿನ ಎಂಜಿನ್ ಎಲ್ಲ ಇರುತ್ತದೆ. ಒಳಗೆ ನನ್ನ ಉಸಿರು ಮಾತ್ರ. ಟಾರ್ಚ್ ಹಾಕಿದೆ. ಬೂದಿ ಬಣ್ಣದಲ್ಲಿದ್ದ ಗೋಡೆ ಒಮ್ಮೆಲೇ ಕೆಂಪು, ಕೇಸರಿ. ಆ ಆಳದಲ್ಲಿ ನೀರು ಕೆಂಪು ಬೆಳಕನ್ನು ನುಂಗಿಬಿಟ್ಟಿರುತ್ತದೆ, ಬಣ್ಣ ಬೇಕಾದರೆ ಬೆಳಕನ್ನು ನಾವೇ ಒಯ್ಯಬೇಕು. ಚಪ್ಪಡಿಯ ಅಡಿಯಲ್ಲಿ ಮುಂಚೆ ಹೋದವರ ಗುಳ್ಳೆಗಳು ಒಟ್ಟುಗೂಡಿ, ಒಡೆದ ಥರ್ಮಾಮೀಟರಿನ ಪಾದರಸದ ಹಾಗೆ ಹರಿದಾಡುತ್ತಿದ್ದವು. ಒಂದು ಬಿರುಕಿನಲ್ಲಿ ಸಿಗಡಿ ಬಳಗದ ದೊಡ್ಡ ಲಾಬ್‌ಸ್ಟರ್ ತನ್ನ ಎರಡು ಮೀಸೆ ಹೊರಗೆ ಹಾಕಿ ಕೂತಿತ್ತು. ಮಧ್ಯದಲ್ಲಿ ಗಾಜಿನಂಥ ಮೈಯ ಸಣ್ಣ ಮೀನುಗಳು, ಸಾವಿರಾರು, ಪರದೆ ಕಟ್ಟಿದ ಹಾಗೆ. ಒಳಗೆ ಬೆನ್ನೆಲುಬು ಕಾಣುತ್ತದೆ. ನಾನು ಹೋದಷ್ಟೂ ಅವು ನನ್ನ ಮೈಯ ಆಕಾರಕ್ಕೇ ಸರಿದು ದಾರಿ ಬಿಟ್ಟವು. ಆಗ ಮತ್ತೆ ಅದೇ ಖುಷಿ ಬಂತು, ದೊಡ್ಡ ಉಸಿರು ಎಳೆದುಕೊಳ್ಳುವ ಖುಷಿ. ಚಾವಣಿ ನೆನಪಾಯಿತು. ಬಿಟ್ಟೆ, ಚೂರು ಎಳೆದೆ, ಬಿಟ್ಟೆ. ಅಲೆ ಹಿಂದಕ್ಕೆ ಎಳೆದಾಗ ಸುಮ್ಮನಿದ್ದೆ, ಮುಂದಕ್ಕೆ ತಳ್ಳಿದಾಗ ಅದರ ಜೊತೆ ಒಂದು ಕಪ್ಪೆಗಾಲು. ಸಿಲಿಂಡರ್ ಎಲ್ಲೂ ತಗುಲಲಿಲ್ಲ.

ಆಚೆ ಬಂದು ಹಿಂದೆ ತಿರುಗಿ ನೋಡಿದೆ. ನೆಲದ ಮರಳು ಹಾಗೇ ಇತ್ತು. ಗೆಳತಿ ಅದರ ಮೇಲಿಂದ ನಿಧಾನವಾಗಿ ಬರುತ್ತಿದ್ದಳು, ಮುಖದ ತುಂಬಾ ಮಾಸ್ಕ್, ಆದರೂ ನಗುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಗೇಜ್ 110 ಬಾರ್, ಅರ್ಧಕ್ಕಿಂತ ಜಾಸ್ತಿ ಗಾಳಿ ಉಳಿದಿತ್ತು.

ಇಷ್ಟಾಗಿ ಆ ಇಡೀ ವಾರದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಕಂಡಿಗಳಲ್ಲ, ಟೈಟನ್ ಟ್ರಿಗರ್ ಫಿಶ್. ಮೊಟ್ಟೆ ಕಾಯುವ ಹೊತ್ತಿನಲ್ಲಿ ಅದು ತನ್ನ ಗೂಡಿನಿಂದ ಮೇಲಕ್ಕೆ ಆಲಿಕೆಯ ಹಾಗೆ ಅಗಲವಾಗುವ ಜಾಗವನ್ನೆಲ್ಲ ತನ್ನದು ಅನ್ನುತ್ತದೆ. ಮೇಲಕ್ಕೆ ಓಡಿದರೆ ಅದರ ಸರಹದ್ದಿನೊಳಗೇ ಓಡಿದ ಹಾಗೆ, ಅಡ್ಡಕ್ಕೆ ಓಡಬೇಕು. ಗೆಳತಿಯ ಫಿನ್ನಿನಲ್ಲಿ ಹಲ್ಲಿನ ಗುರುತು ಈಗಲೂ ಇದೆ.

ಮೇಲೆ ಬರುವ ಮುಂಚೆ ಸುರಕ್ಷತೆಗೆ ಅಂತ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವಾಗ ಗೈಡ್ ನನ್ನ ಹತ್ತಿರ ಬಂದಳು. ಬೆನ್ನ ಸಿಲಿಂಡರನ್ನು ಬೆರಳಿನಿಂದ ಟಕ್ ಟಕ್ ಅಂತ ತಟ್ಟಿ, ಇಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಇವತ್ತು ಸದ್ದು ಬರಲಿಲ್ಲ ಅಂತ. ಸಂಜೆ ಲಾಗ್ ಪುಸ್ತಕದಲ್ಲಿ ತೂಕದ ಕಾಲಮ್ಮಿನಲ್ಲಿ 4 ಅಂತ ಬರೆದು ಕೆಳಗೆ ಗೆರೆ ಎಳೆದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮುಂಚೆ 18 ಗಂಟೆ ಕಾಯಬೇಕಿತ್ತು, ಖಾವೋ ಲಾಕಿನಲ್ಲಿ ಒಂದು ದಿನ ಸುಮ್ಮನೆ ಬಿದ್ದುಕೊಂಡಿದ್ದೆ. ಅಮ್ಮನಿಗೆ ಫೋನ್ ಮಾಡಿ ಮೀನಿನ ಪರದೆಯ ಬಗ್ಗೆ ಹೇಳಿದೆ. "ಹೂಂ, ಊಟ ಆಯ್ತಾ?" ಅಂದರು.